ಕಿಟಕಿಗೆ ಕಾಣುವ ಹದಿನಾಲ್ಕು ಮರ

ಸಿಪ್ಪೆ ತುಂಡಾಗದೆ ಬರುತ್ತಿದೆ, ತೆಳ್ಳಗೆ, ಕೆಂಪಗೆ, ಚಾಕುವಿನ ಅಲಗು ದಾಟಿ ಹೆಬ್ಬೆರಳ ಪಕ್ಕದಿಂದ ತಟ್ಟೆಯತ್ತ ಜೋಲುತ್ತಿದೆ, ನಲವತ್ತು ವರ್ಷ ಸೇಬು ಬೆಳೆದ ರಿಗ್ಜಿನ್ ಒಂದು ದಿನವೂ ಸೇಬಿನ ಸಿಪ್ಪೆ ಹೆರೆದವನಲ್ಲ, ಅದೆಲ್ಲ ದಿಲ್ಲಿಯವರ ಕೆಲಸ, ಇಲ್ಲಿ ಕಿನ್ನೌರಿನ ಬೆಟ್ಟದಲ್ಲಿ ಮರದಿಂದ ಕಿತ್ತು ತೋಳಿಗೆ ಒರೆಸಿ ಕಚ್ಚುವುದು — ಹೆಂಡತಿ ಬುಟಿತ್‌ಳ ತೋಟದಲ್ಲಾದರೆ ಒರೆಸುವುದೂ ಬೇಡ, ಎಂಟು ವರ್ಷದಿಂದ ಅವಳದು ಒಂದೇ ಮಾತು, ನಮ್ಮ ಹಣ್ಣನ್ನ ಸಿಪ್ಪೆ ಸಮೇತ ತಿನ್ನಿ, ಆ ಸಿಪ್ಪೆಗೇ ನಾನು ಇಷ್ಟು ಒದ್ದಾಡಿದ್ದು. ಅವಳು ದಿಂಬಿಗೊರಗಿ ಕಿಟಕಿಯತ್ತ ಮುಖ ಮಾಡಿದ್ದಾಳೆ, ಕತ್ತಿನ ಎಲುಬು ಎಣಿಸುವಷ್ಟು ಎದ್ದಿದೆ, ಮನೆಗೆ ಕರ್ಕೊಂಡು ಹೋಗಿ, ಇಷ್ಟವಾದದ್ದು ತಿನ್ನೋಕೆ ಕೊಡಿ ಎಂದಿದ್ದರು ಶಿಮ್ಲಾದ ಡಾಕ್ಟರು, ಇಷ್ಟವಾದದ್ದೆಂದರೆ ಇದೇ, ಬೆಳಿಗ್ಗೆ ಅವಳೇ ಬೆರಳು ಚಾಚಿ ಮರ ತೋರಿಸಿದಳು, ಆ ಮೂರನೇ ಮರದ್ದು ತಾ ಮುದುಕ, ತುದಿಕೊಂಬೆದು, ಬಿಸಿಲುಂಡಿರತ್ತೆ. ಹಿಂದಿನ ಸಾಲಿನದು ತಂದರೆ ಸಾಲದೇ ಅಂದ, ಚುಕ್ಕೆಯಿದ್ದರೂ ಸಿಹಿ ಇದೆ ಅಂದ, ಅವಳು ಕೇಳಲಿಲ್ಲ, ಅವಳು ಯಾವಾಗ ಕೇಳಿದ್ದಾಳೆ.

ಮೊದಲು ಅವನೂ ಎಲ್ಲರಂತೆ ವರ್ಷಕ್ಕೆ ಒಂಬತ್ತು ಸಲ ಔಷಧಿ ಹೊಡೆಯುತ್ತಿದ್ದ, ಡ್ರಮ್ಮಿನಲ್ಲಿ ಕಲಸುವುದು ಅವಳ ಪಾಲು, ಕೋಲು ಸಿಗದಿದ್ದರೆ ಕೈಯನ್ನೇ ಮೊಣಕೈವರೆಗೆ ಅದ್ದಿ ಕಲಕುವಳು, ಆಮೇಲೆ ಅದೇ ಕೈಯಲ್ಲಿ ಕುಟ್ಟು ಹಿಟ್ಟಿನ ರೊಟ್ಟಿ ತಟ್ಟುವಳು — ಈ ಕಾಯಿಲೆ ಅದರಿಂದಲೇ ಬಂತೇ ಎಂದು ಅವನು ಕೇಳಿದಾಗ ಡಾಕ್ಟರು ಕಾಗದ ನೋಡುತ್ತ, ಹೇಗೆ ಹೇಳೋದು ಅಂದರು, ಹೇಗೆ ಹೇಳುವುದು. ಗಬ್ಬದ ಹಸು ಮರದಡಿಯ ಹುಲ್ಲು ಮೇದು ಬಿದ್ದ ದಿನ ಅವಳು ಅದರ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದಳು, ತಾಯಿಯ ಉಸಿರು ನಿಂತ ಮೇಲೂ ಒಳಗೆ ಕರು ಮಿಸುಕುತ್ತಿತ್ತಂತೆ, ಇನ್ನೂ ಇದೆ, ಇನ್ನೂ ಇದೆ ಅನ್ನುತ್ತಿದ್ದಳು, ಆಮೇಲೆ ಅನ್ನಲಿಲ್ಲ, ಎದ್ದು ಡ್ರಮ್ಮನ್ನು ಕಾಲಿನಿಂದ ಒದ್ದು ಕಮರಿಗೆ ಉರುಳಿಸಿದಳು, ಇನ್ನು ಈ ತೋಟಕ್ಕೆ ಒಂದು ಹನಿ ವಿಷ ಬಿದ್ರೆ ನಾನು ಈ ಮನೇಲಿ ಇರಲ್ಲ. ಅಂದಿನಿಂದ ಗಂಜಲ, ಬೂದಿ, ಮಜ್ಜಿಗೆ, ಕಜ್ಜಿ ಹತ್ತಿದ ಎಲೆಯನ್ನು ಒಂದೊಂದಾಗಿ ಆರಿಸಿ ಸುಡುವುದು, ಊರಿಗೆಲ್ಲ ನಗು, ಪಕ್ಕದ ತೋಟದ ಠಾಕುರ್ ಸೇನ್ ಬೇಲಿಯಿಂದಲೇ ಕೂಗುವನು, ಅತ್ತಿಗೆ, ನಿಮ್ಮ ಸೇಬಿಗೆಲ್ಲ ಸಿಡುಬು, ಮದುವೆ ಮಾಡೋದು ಹೆಂಗೆ, ಅವಳೂ ಬಿಡುವವಳಲ್ಲ, ಮುಖದಲ್ಲಿ ಕಲೆ ಇದ್ದೋರ ಜೊತೆ ಬಾಳಬಹುದು ಮೈದುನ, ಹೊಟ್ಟೇಲಿ ವಿಷ ಇದ್ದೋರ ಜೊತೆ ಆಗಲ್ಲ. ರಿಗ್ಜಿನ್ ಕೂಡ ನಕ್ಕಿದ್ದ, ಆಗ ನಗಬಹುದಿತ್ತು.

ಈ ಜುಲೈನಲ್ಲಿ ಮಳೆ ಬಿಡಲೇ ಇಲ್ಲ, ಆಸ್ಪತ್ರೆಯಲ್ಲಿ ಅವಳ ತಂಗಿಯನ್ನು ಕೂರಿಸಿ ಅವನು ಮೂರು ದಿನಕ್ಕೆ ಊರಿಗೆ ಬಂದ, ನೋಡಿದರೆ ತೋಟವಿಡೀ ಕಜ್ಜಿ, ಎಲೆ ಹಳದಿಯಾಗಿ ಉದುರುತ್ತಿದೆ, ಎಲೆ ಆರಿಸುವ ಕೈ ಶಿಮ್ಲಾದಲ್ಲಿ ಸೂಜಿ ಚುಚ್ಚಿಸಿಕೊಂಡು ಮಲಗಿದೆ, ಅವನು ಇದೇ ಮಂಚದ ಮೇಲೆ ಕೂತು ಕಿಟಕಿಯಿಂದ ನೋಡಿದ, ಅವಳು ಬಂದು ನೋಡುವುದು ಇದನ್ನೇ, ಕೊನೆಗೆ ನೋಡುವುದು ಬೋಳು ಮರವನ್ನೇ, ಎಣಿಸಿದ, ಹದಿನಾಲ್ಕು. ಠಾಕುರ್ ಸೇನ್ ಪಂಪು ಹೊತ್ತು ತಂದ, ತಮಾಷೆ ಮಾಡಲಿಲ್ಲ, ಅಣ್ಣ, ನೀನು ಒಳಗೆ ಹೋಗು, ನಾನೇ ಹೊಡೀತೀನಿ ಅಂದ, ಇಲ್ಲ, ರಿಗ್ಜಿನ್ ತಾನೇ ಹೊಡೆದ, ಹದಿನಾಲ್ಕು ಮರಕ್ಕೆ ಮಾತ್ರ, ಉಳಿದ ತೋಟ ಹಾಳಾಗಲಿ, ಕಿಟಕಿಗೆ ಕಾಣುವಷ್ಟು ಹಸಿರಾಗಿದ್ದರೆ ಸಾಕು. ಈಗ ಸೆಪ್ಟೆಂಬರ್, ಅವು ಹಣ್ಣು ಹೊತ್ತು ಕೆಂಪಾಗಿ ನಿಂತಿವೆ, ನೋಡಲು ಬಂದವರಿಗೆಲ್ಲ ಅವಳು ಒಂದೊಂದು ಕೊಟ್ಟು, ಒಂದು ಚುಕ್ಕೆ ಇಲ್ಲ ನೋಡಿ, ಎಂಟು ವರ್ಷಕ್ಕೆ ಮಣ್ಣು ನನ್ನ ಮಾತು ಕೇಳ್ತು, ಸಿಪ್ಪೆ ಸಮೇತ ತಿನ್ನಿ ಅನ್ನುತ್ತಾಳೆ, ಊರಿಗೆ ಊರೇ ಗೊತ್ತಿದ್ದೂ ತಿನ್ನುತ್ತದೆ, ಠಾಕುರ್ ಸೇನ್ ಸೂರು ನೋಡುತ್ತ ತಿಂದು, ನೀವೇ ಗೆದ್ರಿ ಅತ್ತಿಗೆ ಅಂದ, ಅವಳು ನಕ್ಕಳು, ಆ ನಗುವಿಗಾಗಿ ಇನ್ನೂ ನೂರು ಮರಕ್ಕೆ ಹೊಡೆದಾನು ಅವನು, ಆದರೂ ಆ ನಗು ನೋಡಿ ರಾತ್ರಿ ಅನ್ನ ಸೇರಲಿಲ್ಲ.

ಎರಡು ತಿಂಗಳ ಮಳೆಗೆ ತೊಳೆದುಹೋಗಿದೆ, ಏನೂ ಇರೋದಿಲ್ಲ ಎಂದು ಠಾಕುರ್ ಸೇನ್ ಹೇಳಿದ್ದಾನೆ, ಇರಲಿಕ್ಕಿಲ್ಲ, ಆದರೂ ಇವಳ ಬಾಯಿಗೆ ಹೇಗೆ ಇಡುವುದು, ಅದಕ್ಕೇ ಚಾಕು — ಏನು ಮಾಡ್ತಿದೀಯ, ಅವಳು ತಿರುಗಿದ್ದಾಳೆ, ಸಿಪ್ಪೆ ತೆಗೀತಿದೀನಿ, ಯಾಕೆ, ನಿನ್ನ ಹಲ್ಲಿಗೆ ಗಟ್ಟಿಯಾಗತ್ತಲ್ಲ, ನಿನ್ನೆ ಚಿಲ್ಗೋಜಾ ಬೀಜವನ್ನ ಕಚ್ಚಿ ಒಡೆದ ಹಲ್ಲು ಇದು ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ, ಇವನನ್ನು ಯಾರೂ ಕಳ್ಳ ಅಂದೂ ಇರಲಿಲ್ಲ. ಅವಳು ಚಾಕು ನೋಡುತ್ತಾಳೆ, ಮರ ನೋಡುತ್ತಾಳೆ, ಇವನನ್ನು ನೋಡುತ್ತಾಳೆ, ಎಷ್ಟು ಮರಕ್ಕೆ ಹೊಡೆದೆ, ಕಿಟಕಿಗೆ ಕಾಣೋದಕ್ಕೆ ಮಾತ್ರ, ಬೈಯಲಿ, ತಟ್ಟೆ ಎಸೆಯಲಿ, ಬೈಯುವಷ್ಟು ಉಸಿರಾದರೂ ಇರಲಿ, ಚೆಂದ ಕಾಣ್ತಿದ್ವು ಅಂತಾಳೆ, ಅಷ್ಟೇ, ಕೈ ಚಾಚುತ್ತಾಳೆ, ಬಿಳಿ ಹೋಳನ್ನಲ್ಲ, ಹೋಳನ್ನು ಪಕ್ಕಕ್ಕೆ ಸರಿಸಿ ಸಿಪ್ಪೆಯನ್ನು ಎತ್ತಿಕೊಳ್ಳುತ್ತಾಳೆ, ಬೇಡ ಬುಟಿತ್, ಬಾಯಿಗಿಡುತ್ತಾಳೆ, ಅವನನ್ನೇ ನೋಡುತ್ತ ಅಗಿಯುತ್ತಾಳೆ, ಕೆಂಪು ಸಿಪ್ಪೆ, ಅರ್ಧ ಬಾಯೊಳಗೆ, ಅರ್ಧ ಗಲ್ಲದ ಮೇಲೆ, ಅಗಿಯುತ್ತಾಳೆ, ಕೆಂಪು ಸಿಪ್ಪೆ, ಇನ್ನೂ ಗಲ್ಲದ ಮೇಲೆ —