ಫ್ಲೆಕ್ಸ್ ಬಂತು, ಕಾಯ್ದೆ ಬಂದಿರಲಿಲ್ಲ

ಹೊಗೆಸೊಪ್ಪು ಕಟ್ಟಿದ ಕೈಯ ಕಪ್ಪು ಸೋಪಿಗೆ ಜಗ್ಗುವುದಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿ, ಮಣ್ಣು ಹಾಕಿ ತಿಕ್ಕಿ, ಕೊನೆಗೆ ಬೇಸತ್ತು ಅದೇ ಕೈಯಲ್ಲಿ ಉಣ್ಣಲು ಕೂರಬೇಕು. ಮುದ್ದೆಯೂ ಕಹಿ, ಸಾರೂ ಕಹಿ. ಪಿರಿಯಾಪಟ್ಟಣ ತಾಲ್ಲೂಕು ಹಾರನಹಳ್ಳಿ ಕಡೆಯ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಶಿವರುದ್ರಮ್ಮನಿಗೆ ಕೈಯ ಚಿಂತೆ ಇರಲಿಲ್ಲ. ಇದ್ದುದು ಎದುರು ಕೂರುತ್ತಿದ್ದವಳ ಚಿಂತೆ. ಸೊಪ್ಪು ಕಟ್ಟುವುದು ಒಂಟಿ ಕೆಲಸವಲ್ಲ. ಒಬ್ಬಳು ಎಲೆ ಜೋಡಿಸಿ ಕೊಡಬೇಕು, ಇನ್ನೊಬ್ಬಳು ದಾರ ಸುತ್ತಿ ಕೋಲಿಗೆ ಬಿಗಿಯಬೇಕು. ಆ ಕೋಲುಗಳು ಬ್ಯಾರನ್ನಿಗೆ, ಅಂದರೆ ಬೆಂಕಿಯ ಶಾಖದಲ್ಲಿ ಸೊಪ್ಪು ಹದಮಾಡುವ ಗೂಡಿಗೆ, ಏರುತ್ತವೆ. ಇಪ್ಪತ್ತೆರಡು ವರ್ಷ ಅವಳಿಗೆ ಎಲೆ ಜೋಡಿಸಿ ಕೊಟ್ಟವಳು ಪಕ್ಕದ ಮನೆಯ ನೀಲಾಂಬಿಕೆ. ಇವತ್ತು ನಿಮ್ಮ ಬ್ಯಾರನ್ನಿಗೆ ನಾನು, ನಾಳೆ ನಮ್ಮ ಬ್ಯಾರನ್ನಿಗೆ ನೀನು. ಕೂಲಿ ಇಲ್ಲ, ಹಾಜರಿ ಪುಸ್ತಕ ಇಲ್ಲ. ಇದಕ್ಕೆ ನಮ್ಮ ಕಡೆ ಮುಯ್ಯಾಳು ಅನ್ನುತ್ತಾರೆ.

ಹಸಿ ಸೊಪ್ಪಿನ ಅಂಟು, ಒಣ ಸೊಪ್ಪಿನ ಧೂಳು ಸೇರಿ ನೀಲಾಂಬಿಕೆಗೆ ಕೆಮ್ಮು ಹಿಡಿಯಿತು. ಹೋದ ಕಾರ್ತಿಕದಲ್ಲಿ ಮಾತಾಡಿದರೆ ಉಬ್ಬಸ, ನಡೆದರೆ ಉಬ್ಬಸ. ಮೈಸೂರಿನ ಡಾಕ್ಟರು, ಧೂಳಿನಿಂದ ದೂರವಿರಿ, ತಪ್ಪದೆ ಔಷಧಿ ತಗೊಳ್ಳಿ ಅಂದರು. ವಿಧವೆ, ಕೈಯಲ್ಲಿ ಕಾಸಿಲ್ಲ. ಮಗಳು ಬಂದು ತನ್ನ ಗಂಡನ ಊರು ಮಿರ್ಲೆಗೆ ಕರೆದುಕೊಂಡು ಹೋದಳು. ಶಿವರುದ್ರಮ್ಮ ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದಳು. ಮನೆಗೆ ಬಂದರೆ ಜಗಲಿ ಬಿಕೋ ಅನ್ನುತ್ತಿತ್ತು.

ಅಷ್ಟರಲ್ಲಿ ಬೆಳಗಾವಿಯ ಚಳಿಗಾಲದ ಅಧಿವೇಶನ ಶುರುವಾಯಿತು. ಒಂದು ದಿನ ಹಾರನಹಳ್ಳಿ ಸರ್ಕಲ್‌ನಲ್ಲಿ ಮಾರುದ್ದದ ಫ್ಲೆಕ್ಸ್ ಎದ್ದಿತು. ಹೊಗೆಸೊಪ್ಪಿನ ಕೆಲಸದ ಹೆಂಗಸರಿಗೆ ಕಾರ್ಡು, ಆ ಕೆಲಸದಿಂದ ಬಂದ ಕಾಯಿಲೆಗೆ ಉಚಿತ ಚಿಕಿತ್ಸೆ. ಮಸೂದೆ ಮಂಡಿಸಿದವರಿಗೆ ಅಭಿನಂದನೆ! ಮೇಲೆ ಕೈಮುಗಿದ ನಾಲ್ಕು ಮುಖ, ಕೆಳಗೆ ಹದಿನಾರು ಸಣ್ಣ ಮುಖ.

ಶಿವರುದ್ರಮ್ಮ ಅಲ್ಲೇ ನಿಂತು ಮಿರ್ಲೆಗೆ ಫೋನ್ ಮಾಡಿದಳು.

"ನೀಲಕ್ಕ, ಕಾನೂನು ಬಂತು ಕಣಕ್ಕ! ಇನ್ನು ನಿನ್ ಔಷ್ದಿಗೆ ಮಗಳ ಮೊಕ ನೋಡಂಗಿಲ್ಲ. ಕಾಗ್ದ ಎಲ್ಲ ತಗೊಂಡು ಬಂದ್ಬುಡು."

"ದಿಟವೇನೆ ರುದ್ರಿ?" ಆ ಕಡೆಯ ದನಿಯಲ್ಲಿ ಉಬ್ಬಸಕ್ಕಿಂತ ಆಸೆ ಜಾಸ್ತಿ ಇತ್ತು. "ಮಾಗಿ ಕಳುದ್ಮೇಲೆ ಬತ್ತೀನಿ. ನಮ್ಮನೆ ಬಾಗ್ಲು ತೆಗ್ದು ಒಸಿ ಕಸ ಗುಡ್ಸಿರು."

ಅವತ್ತು ಶಿವರುದ್ರಮ್ಮ ಕಜ್ಜಾಯ ಸುಟ್ಟು ಬೀದಿಗೆಲ್ಲ ಹಂಚಿದಳು. ನೀಲಾಂಬಿಕೆಯ ಮನೆ ಗುಡಿಸಿ ಸಾರಿಸಿದಳು.

ಸಂಕ್ರಾಂತಿ ಕಳೆದ ಮೇಲೆ ನೀಲಾಂಬಿಕೆ ಆಸ್ಪತ್ರೆಯ ಚೀಟಿಗಳನ್ನೆಲ್ಲ ಬ್ಯಾಗಿಗೆ ತುಂಬಿಕೊಂಡು, ಎರಡು ಬಸ್ಸು ಬದಲಾಯಿಸಿ, ನೇರವಾಗಿ ಪಿರಿಯಾಪಟ್ಟಣದ ತಾಲ್ಲೂಕು ಕಚೇರಿಗೆ ಹೋದಳು. ಮೊದಲು ಅರ್ಜಿ ಕೊಟ್ಟು ಆಮೇಲೆ ಊರಿಗೆ ಹೋಗೋಣ ಅಂತ. ಕಿಟಕಿಯ ಆಚೆಯ ಗುಮಾಸ್ತ ಚೀಟಿ ತಿರುವಿ ನೋಡಿ, "ಇಂಥ ಕಾಯ್ದೇನೇ ಇಲ್ಲವಲ್ಲಮ್ಮ, ಯಾರು ಹೇಳಿದ್ದು?" ಅಂದ. ಹಿಂದೆ ಸಾಲಿನಲ್ಲಿದ್ದ ಯಾರೋ ನಕ್ಕರು.

ನೀಲಾಂಬಿಕೆ ಊರಿಗೆ ಬರಲೇ ಇಲ್ಲ. ಅದೇ ಕಾಲಲ್ಲಿ ವಾಪಸ್ ಬಸ್ಸು ಹತ್ತಿದಳು. ಸಂಜೆ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಇನ್ನೊಂದ್ಸಲ ಇಂಗೆ ಆಸೆ ಉಟ್ಟಿಸ್ಬ್ಯಾಡ ಕಣೆ, ರುದ್ರಿ."

ಆಮೇಲೆ ಶಿವರುದ್ರಮ್ಮ ಎಷ್ಟು ಸಲ ಫೋನ್ ಮಾಡಿದರೂ ಮಗಳೇ ಎತ್ತುತ್ತಿದ್ದಳು. ಅವ್ವ ಮಲಗಿದ್ದಾಳೆ, ಅವ್ವ ಹೊರಗೆ ಹೋಗಿದ್ದಾಳೆ. ಉಬ್ಬಸದವಳು ದಿನಕ್ಕೆಷ್ಟು ಸಲ ಹೊರಗೆ ಹೋಗುತ್ತಾಳೆ? ಸಾರಿಸಿದ ಮನೆಗೆ ಮತ್ತೆ ಧೂಳು ಕೂತಿತು.

ಗಂಡ ವಿರೂಪಾಕ್ಷ ಸುಮ್ಮನಿರಲಿಲ್ಲ. "ಕೂಸು ಉಟ್ಟೋಕ್ ಮುಂಚೆ ಕುಲಾವಿ ಒಲ್ಸಿದ್ರಂತೆ. ಕಜ್ಜಾಯ ಬೇರೆ! ಕಾನೂನು ಮಾಡೋದು ದೊಡ್ಡವ್ರು, ಅನುಭವ್ಸೋದೂ ದೊಡ್ಡವ್ರು. ನಮಗ್ಯಾಕ್ ಬುಡು."

ಅವಳಿಗೆ ಉರಿದುಹೋಯಿತು. ಮಾರನೆಯ ದಿನ ಸೀದಾ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ನಡೆದಳು. ಅಲ್ಲಿನ ಮೇಲ್ವಿಚಾರಕಿ ಉಷಾರಾಣಿ ಊರಿನವಳೇ. ಪೇಪರು ಓದುವವಳು, ಕಂಪ್ಯೂಟರ್ ಬಲ್ಲವಳು.

"ಉಷವ್ವ, ಫ್ಲೆಕ್ಸ್ ಆಕ್ದೋರು ಸುಳ್ಳು ಆಕಿದ್ರಾ?"

"ಸುಳ್ಳಲ್ಲ ಅಕ್ಕ. ಮಂಡಿಸಿದ್ದಾರೆ ಅಂತಿತ್ತು. ನೀವು ಆಗೇ ಹೋಯ್ತು ಅಂದ್ಕೊಂಡ್ರಿ." ಉಷಾರಾಣಿ ಕುರ್ಚಿ ಎಳೆದು ಕೂರಿಸಿದಳು. "ಹೆಣ್ಣು ನೋಡೋಕೆ ಬಂದೋರಿಗೆ ಉಪ್ಪಿಟ್ಟು ಕೊಟ್ರೆ ಮದುವೆ ಆದಂಗಾ?"

"ಅದೆಂಗಾದದು?"

"ಮಸೂದೆ ಮಂಡನೆ ಅಂದ್ರೆ ಅಷ್ಟೇ, ಹೆಣ್ಣು ನೋಡೋಕೆ ಬಂದವ್ರೆ. ಆಮೇಲೆ ಮಾತುಕತೆ. ಇದು ಹಂಗಿರ್ಲಿ, ಅದು ಬ್ಯಾಡ, ಇದನ್ನ ಸೇರ್ಸಿ ಅಂತ ಸದನದಲ್ಲಿ ಚರ್ಚೆ. ಕೆಲವು ಸಲ ಒಂದು ಸಮಿತಿಗೆ ಕಳಿಸ್ತಾರೆ. ವಿಧಾನಸಭೆ ಒಪ್ಪಬೇಕು, ವಿಧಾನ ಪರಿಷತ್ತೂ ನೋಡಬೇಕು. ರಾಜ್ಯಪಾಲರು ಅಂಕಿತ ಹಾಕ್ಬೇಕು. ಅದು ರಾಜ್ಯಪತ್ರದಲ್ಲಿ ಅಚ್ಚಾದ್ಮೇಲೆ ಕಾಯ್ದೆ. ಅಷ್ಟಾದ್ರೂ ಅರ್ಜಿ ಯಾರಿಗೆ, ಹೆಂಗೆ ಅಂತ ನಿಯಮ ಬರ್ಬೇಕು. ನಡುವೆ ಎಲ್ಲಿ ಬೇಕಾದ್ರೂ ನಿಂತು ಹೋಗ್ಬಹುದು."

"ದೇವ್ರೇ, ಇಷ್ಟು ಬಾಗ್ಲಾ! ನಮ್ದು ಯಾವ್ ಬಾಗ್ಲಲ್ಲಿ ನಿಂತದೆ?"

ಉಷಾರಾಣಿ ವಿಧಾನಸಭೆಯ ವೆಬ್‌ಸೈಟ್ ತೆಗೆದಳು. ಹಳೆಯ ಪೇಪರಿನಲ್ಲಿ ಮಸೂದೆಯ ಹೆಸರು, ಇಸವಿ ಹುಡುಕಿ, ಪಟ್ಟಿಯಲ್ಲಿ ಅದರ ಸಂಖ್ಯೆ ಹಿಡಿದಳು. ಮಸೂದೆಯ ಪ್ರತಿ ಕನ್ನಡದಲ್ಲೇ ಇತ್ತು. ಮಸೂದೆಯನ್ನು ಪರಿಶೀಲನಾ ಸಮಿತಿಗೆ ಒಪ್ಪಿಸಲಾಗಿತ್ತು. ಸಾರ್ವಜನಿಕರು ಸಲಹೆ ಕಳಿಸಲು ಇನ್ನು ಒಂಬತ್ತು ದಿನ ಬಾಕಿ ಅಂತ ಪೇಪರಿನ ಮೂಲೆಯ ಪ್ರಕಟಣೆ ಹೇಳುತ್ತಿತ್ತು.

"ಒಳಗೇನ್ ಬರ್ದವ್ರೆ ಓದವ್ವ."

ಉಷಾರಾಣಿ ಓದಿದಳು. ಹೊಗೆಸೊಪ್ಪಿನ ಕೆಲಸದ ಮಹಿಳೆ ಎಂದರೆ ಕೂಲಿ ಅಥವಾ ಸಂಬಳ ಪಡೆದು ಆ ಕೆಲಸದಲ್ಲಿ ತೊಡಗಿರುವವಳು.

ಶಿವರುದ್ರಮ್ಮ ತನ್ನ ಅಂಗೈ ನೋಡಿಕೊಂಡಳು.

"ಕೂಲಿ ಪಡ್ದು ಅಂತ ಐತಾ?"

"ಹೂಂ ಅಕ್ಕ."

"ನೀಲಕ್ಕ ಒಂದಿನಾನೂ ಕೂಲಿ ಈಸ್ಕೊಂಡಿಲ್ವಲ್ಲವ್ವ. ನಾನೂ ಇಲ್ಲ. ಈ ಸುತ್ತಿನಾಗೆ ಮುಕ್ಕಾಲುವಾಸಿ ಹೆಂಗಸ್ರು ಮುಯ್ಯಾಳ್ಗಳು. ಹಂಗಾದ್ರೆ ಈ ಕಾನೂನು ಬಂದ್ರೂ ನಮಗಲ್ಲ!" ಅವಳಿಗೆ ಅಳು ಬಂತು. ಇಪ್ಪತ್ತೆರಡು ವರ್ಷದ ಕೆಲಸ ಬರವಣಿಗೆಯಲ್ಲಿ ಕೆಲಸವೇ ಅಲ್ಲ. ನೀಲಕ್ಕನ ಕೆಮ್ಮು ಮಾತ್ರ ನಿಜ.

"ಅಳಬೇಡಿ. ಬರೆದವರಿಗೆ ಮುಯ್ಯಾಳು ಅಂದ್ರೆ ಗೊತ್ತಿರಲಿಕ್ಕಿಲ್ಲ. ಹೇಳೋರು ನಾವೇ. ಒಂಬತ್ತು ದಿನ ಇದೆ."

ಮನೆಗೆ ಬಂದು ಗಂಡನಿಗೆ ಹೇಳಿದಳು. ವಿರೂಪಾಕ್ಷ ತಲೆ ಕೊಡವಿದ. "ಬ್ಯಾರನ್ನಿನ ಲೈಸೆನ್ಸ್ ನನ್ ಹೆಸ್ರಲ್ಲೈತೆ, ಸೊಪ್ಪು ಮಾರೋಕೆ ಅಷ್ಟ್ ಸಾಕು. ಇನ್ನೇನ್ ಬೇಕಮ್ಮಿ ನಿಂಗೆ?"

"ಲೈಸೆನ್ಸ್ ಕೆಮ್ಮಲ್ಲ ಕಣ್ರೀ. ನೀಲಕ್ಕ ಕೆಮ್ತಾಳೆ." ಅವಳು ದನಿ ಏರಿಸಲಿಲ್ಲ. "ನಿಮ್ಮ ಸೊಪ್ಪು ಕಟ್ಟಿ ಕಟ್ಟಿ ಅವಳ ಉಸ್ರು ಓಯ್ತು. ಅವ್ಳು ನಮ್ಮಲ್ಲಿ ದುಡುದ್ಲು ಅನ್ನೋಕೆ ಈ ಭೂಮಿ ಮ್ಯಾಲೆ ಒಂದು ಕಾಗ್ದ ಇಲ್ಲ. ಗೊತ್ತಿರೋರು ಇಬ್ರೇ. ನಾನೊಬ್ಳು, ನೀವೊಬ್ರು."

ವಿರೂಪಾಕ್ಷ ಎದ್ದು ಬ್ಯಾರನ್ನಿನ ಕಡೆ ನಡೆದ. ಮಾರನೆಯ ದಿನ ಶರಟು ಹಾಕಿಕೊಂಡು ಹೆಂಡತಿಗಿಂತ ಮುಂಚೆ ಗ್ರಂಥಾಲಯದ ಬಾಗಿಲಲ್ಲಿ ನಿಂತಿದ್ದ.

ಕಾಗದ ಒಂದೂವರೆ ಪುಟ. ಮುಯ್ಯಾಳು ಅಂದರೇನು, ಎಷ್ಟು ತಿಂಗಳ ಕೆಲಸ, ಯಾವ ಯಾವ ಕಾಯಿಲೆ. ಕೊನೆಗೆ ಒಂದೇ ಬೇಡಿಕೆ: ಮುಯ್ಯಾಳಾಗಿ ದುಡಿಯುವವರನ್ನೂ ಸೇರಿಸಿ. ನಲವತ್ತಮೂರು ಹೆಂಗಸರು ಸಹಿ ಹಾಕಿದರು. ಕೆಳಗೆ ವಿರೂಪಾಕ್ಷ ತನ್ನ ಕೈಯಾರೆ ಬರೆದ: ಇವರು ನಮ್ಮ ಬ್ಯಾರನ್ನಿನಲ್ಲಿ ದುಡಿದಿದ್ದಾರೆ, ನಾನು ಕಂಡಿದ್ದೇನೆ. ಅವನನ್ನು ನೋಡಿ ಇನ್ನೂ ಹನ್ನೊಂದು ಬ್ಯಾರನ್ನಿನ ಯಜಮಾನರು ಬರೆದರು. ಒಂದು ಪ್ರತಿ ಸಮಿತಿಗೆ ರಿಜಿಸ್ಟರ್ ಪೋಸ್ಟ್, ಒಂದು ಶಾಸಕರ ಕಚೇರಿಗೆ, ಒಂದು ಗ್ರಂಥಾಲಯದ ಫೈಲಿಗೆ.

ಆಮೇಲೆ ಕಾಯುವುದು. ಪ್ರತಿ ಶನಿವಾರ ಶಿವರುದ್ರಮ್ಮ ಗ್ರಂಥಾಲಯಕ್ಕೆ ಬರುವಳು. "ಉಷವ್ವ, ಯಾವ್ ಬಾಗ್ಲು?" ಅದೇ ಬಾಗಿಲು ಅಕ್ಕ, ಅನ್ನುವಳು ಉಷಾರಾಣಿ. ಯುಗಾದಿ ಕಳೆಯಿತು. ಸಸಿ ನೆಟ್ಟರು. ಮಳೆ ಹಿಡಿಯಿತು. ಸೊಪ್ಪು ಮುರಿಯುವ ಕಾಲವೂ ಬಂತು. ಕೋಲಿನ ಎದುರು ಬೇರೆ ಬೇರೆಯವರು ಕೂತು ಎದ್ದರು. ಯಾರ ಕೈಯೂ ಅವಳ ಕೈಗೆ ಹೊಂದಲಿಲ್ಲ.

ಮಳೆಗಾಲದ ಅಧಿವೇಶನದ ಮೂರನೆಯ ದಿನ ಉಷಾರಾಣಿ ಗ್ರಂಥಾಲಯಕ್ಕೆ ಬೀಗ ಹಾಕಿ ಬ್ಯಾರನ್ನಿನ ತನಕ ಓಡಿಬಂದಳು. ಸಮಿತಿಯ ವರದಿ ಸದನಕ್ಕೆ ಬಂದಿತ್ತು. ತಿದ್ದುಪಡಿಯ ಸಾಲು ಓದಿದಳು: ಕೂಲಿ ಅಥವಾ ಸಂಬಳ ಪಡೆದು, ಇಲ್ಲವೆ ಮುಯ್ಯಾಳಾಗಿ.

ಶಿವರುದ್ರಮ್ಮ ಮೂರು ಸಲ ಓದಿಸಿದಳು. ಈ ಸಲ ಕಜ್ಜಾಯ ಸುಡಲಿಲ್ಲ. ಕಪ್ಪು ಕೈ ಸೆರಗಿಗೆ ಒರೆಸಿಕೊಂಡು ಮಿರ್ಲೆಗೆ ಫೋನ್ ಮಾಡಿ, ಎತ್ತಿದ ಮಗಳಿಗೆ ಹೇಳಿದಳು: "ಅವ್ವನ ಕಿವಿಗೆ ಇಡು ಮಗ. ಅವಳು ಮಾತಾಡ್ದಿದ್ರೂ ಸರಿ."

ಆ ಕಡೆ ಉಸಿರಾಟ ಕೇಳಿಸಿತು. ಆ ಉಸಿರಿನ ಗುರುತು ಅವಳಿಗಿತ್ತು.

"ನೀಲಕ್ಕ, ಇನ್ನೂ ಆಗಿಲ್ಲ ಕಣಕ್ಕ. ಸುಳ್ಳು ಆಸೆ ಕೊಡಾಕಿಲ್ಲ. ಸಭೆ ಒಪ್ಬೇಕು, ಪರಿಷತ್ತು ಐತೆ, ರಾಜ್ಯಪಾಲ್ರವ್ರೆ, ನಿಯಮ ಬರ್ಬೇಕು. ಪ್ರತಿ ಶನಿವಾರ ಓಗಿ ನೋಡ್ತೀನಿ, ಇದ್ದದ್ನ ಇದ್ದಂಗೆ ಯೋಳ್ತೀನಿ. ಆದ್ರೆ ಅದ್ರೊಳಗೆ ಈಗ ಮುಯ್ಯಾಳು ಅಂತ ಬರ್ದವ್ರೆ. ನೀನೀಗ ಅದ್ರೊಳಗಿದ್ದೀಯ. ಕೊನೇ ದಿನ ನೀನು ನಮ್ಮ ಬ್ಯಾರನ್ನಿಗೆ ಬಂದಿದ್ದೆ. ನಾನು ತಿರುಗಿ ಬರೋಕೆ ಆಗ್ಲಿಲ್ಲ. ಆವತ್ತಿನ ಮುಯ್ಯಿ ಇದು ಅಂದ್ಕೊ."

ನೀಲಾಂಬಿಕೆ ಕೇಳಿದಳು: "ಕೋಲಿನ ಎದ್ರುಗಡೆ ಯಾರೆ ಕೂತವ್ರೆ?"

"ಯಾರೂ ಇಲ್ಲ ಕಣಕ್ಕ."

"ಶನಿವಾರ ಫೋನ್ ಮಾಡು. ನಾನೇ ಎತ್ತೀನಿ."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮೂರಿನ ಸರ್ಕಲ್‌ನಲ್ಲೂ ಫ್ಲೆಕ್ಸ್ ಎದ್ದಿರಬಹುದು. ಸಂತೋಷ ಪಡಿ, ಆದರೆ ಕಜ್ಜಾಯಕ್ಕೆ ಅಕ್ಕಿ ನೆನೆಹಾಕುವ ಮುಂಚೆ ನಿಮ್ಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ. ಆ ಮಸೂದೆಯ ಹೆಸರು, ಸಂಖ್ಯೆ, ಇಸವಿ ಬರೆದುಕೊಳ್ಳಿ. ಯಾವ ಬಾಗಿಲಲ್ಲಿ ನಿಂತಿದೆ ಅಂತ ಕೇಳಿ. ಒಳಗೆ ಏನು ಬರೆದಿದ್ದಾರೆ ಅಂತ ಓದಿಸಿ ಕೇಳಿ, ನಿಮ್ಮಂಥವರು ಅದರಲ್ಲಿ ಇದ್ದೀರೋ ಇಲ್ಲವೋ ನೋಡಿ. ಇಲ್ಲದಿದ್ದರೆ ಸಮಿತಿಗೋ ನಿಮ್ಮ ಶಾಸಕರಿಗೋ ಒಂದು ಕಾಗದ ಬರೆಯಿರಿ, ಗಡುವು ಮುಗಿಯುವ ಮುಂಚೆ. ನಿಮ್ಮ ಎದುರು ಕೂತು ದುಡಿದವರೊಬ್ಬರು ಎಲ್ಲೋ ಕೆಮ್ಮುತ್ತಾ ಕಾಯುತ್ತಿರಬಹುದು.