ಸೋಮವಾರ ಪೇಟೆಯ ತಂಡ ಮುಂಬಯಿಗೆ ಹೋದದ್ದು

ಅಣ್ಣನೆದುರು ಸುಂದರರಾಯ ಆಡಿದ ಆ ಮಾತು ಬಾಯಿತಪ್ಪಿ ಬಂದದ್ದಲ್ಲ. ಎದೆಯುಬ್ಬಿಸಿ, ನಾಲ್ಕು ಜನ ಗಿರಾಕಿಗಳು ಕೇಳುವಂತೆ ಆಡಿದ್ದು. ಅದಕ್ಕೇ ಅದನ್ನು ಹಿಂದೆಗೆದುಕೊಳ್ಳುವ ದಾರಿ ಉಳಿದಿರಲಿಲ್ಲ.

1938ರ ದೀಪಾವಳಿ ಕಳೆದ ವಾರ ಅದು. ಪುಣೆಯ ಸೋಮವಾರ ಪೇಟೆಯಲ್ಲಿ, ರೈಲು ನಿಲ್ದಾಣದಿಂದ ನಡೆದು ಬರುವಷ್ಟು ಹತ್ತಿರದಲ್ಲಿ, ಸುಂದರರಾಯನ ಹೋಟೆಲು ಇತ್ತು. ಮುಂದೆ ಎಂಟು ಮೇಜು, ಹಿಂದೆ ಅಡುಗೆಮನೆ, ಅಡುಗೆಮನೆಯ ಹಿಂದೆ ಒಂದು ಮೋಟುಗೋಡೆ. ಗೋಡೆಯಾಚೆ ಶಾಲೆಯ ಬಯಲು. ಬಯಲಿನ ಎರಡು ತುದಿಗೆ ಎರಡು ಮರದ ಕಂಬ, ಕಂಬದ ತಲೆಗೆ ಹಲಗೆ, ಹಲಗೆಗೆ ಕಬ್ಬಿಣದ ಬಳೆ. ಸಂಜೆ ಐದಾಯಿತೆಂದರೆ ಸುಂದರರಾಯನ ತಮ್ಮ ಕುಶಲ ಹೆಗಲ ಮೇಲಿನ ಬಟ್ಟೆಯನ್ನು ಮೊಳೆಗೆ ಸಿಕ್ಕಿಸಿ ಆ ಗೋಡೆ ಹಾರುತ್ತಿದ್ದ.

ಮುಂಬಯಿಯ ಮಾಟುಂಗಾದಲ್ಲಿ ದೊಡ್ಡ ಹೋಟೆಲು ನಡೆಸುತ್ತಿದ್ದ ಹಿರಿಯಣ್ಣ ಹಬ್ಬದ ನೆಪದಲ್ಲಿ ಬಂದು ಅಂದು ಗಲ್ಲಾದ ಹತ್ತಿರ ಕೂತಿದ್ದ. ಅಂಗಡಿ ತುಂಬಿತ್ತು. ಅವನ ಕಣ್ಣೆದುರೇ ಕುಶಲ ಗೋಡೆ ಹಾರಿದ.

“ಅದು ಎಲ್ಲಿಗೆ ಹೋದದ್ದು ಅವ?”

“ಬಾಸ್ಕೆಟ್‌ಬಾಲಿಗೆ” ಎಂದ ಸುಂದರರಾಯ.

“ಎಂಥದು?”

“ಬುಟ್ಟಿಗೆ ಚೆಂಡು ಹಾಕುವ ಆಟ ಅಣ್ಣಯ್ಯ. ತಂಡದಲ್ಲಿ ಉಂಟು ಅವ.”

“ಗಿರಾಕಿಗಳಿಗೆ ಕಾಫಿ ಯಾರು ಕೊಡುವುದು? ಬುಟ್ಟಿಯಾ?” ಅಣ್ಣನಿಗೆ ನಗು ಬಂದಿರಲಿಲ್ಲ. “ನನ್ನ ಅಡುಗೆಮನೆಯಲ್ಲಿ ಆಳು ಸಾಲದೆ ಒದ್ದಾಡ್ತಾ ಇದ್ದೇನೆ. ನಾಳೆ ಅವನನ್ನು ಕರ್ಕೊಂಡು ಹೋಗ್ತೇನೆ.”

ಕುಶಲನಿಗೆ ಒಂಬತ್ತು ವರ್ಷವಾಗಿದ್ದಾಗ ತಾಯಿ ತೀರಿಕೊಂಡಿದ್ದಳು. ಮಂಗಳೂರಿನಿಂದ ಹಡಗಿನಲ್ಲಿ, ದಾರಿಯುದ್ದಕ್ಕೂ ವಾಂತಿ ಮಾಡಿಕೊಳ್ಳುತ್ತಿದ್ದ ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಂದವನು ಸುಂದರರಾಯ. ಬೆಳೆಸಿದವಳು ಅವನ ಹೆಂಡತಿ ಲೀಲಾಕ್ಷಿ. ಅವರಿಗೆ ಬೇರೆ ಮಕ್ಕಳಾಗಲಿಲ್ಲ. ಕುಶಲನಿಗೆ ಈಗ ಇಪ್ಪತ್ತು. ಅವನಿಲ್ಲದ ಮನೆಯನ್ನು ಸುಂದರರಾಯ ಊಹಿಸಿಯೂ ನೋಡಿರಲಿಲ್ಲ. ಆ ಗಾಬರಿಯಲ್ಲಿಯೇ ಅವನ ಎದೆ ಉಬ್ಬಿದ್ದು.

“ಜನವರಿಯಲ್ಲಿ ನಮ್ಮ ತಂಡ ನಿಮ್ಮ ಮುಂಬಯಿಗೇ ಆಡ್ಲಿಕ್ಕೆ ಬರ್ತದೆ. ನೀವೇ ನೋಡಿ. ಗೆದ್ದೇ ಗೆಲ್ತಾರೆ.”

ಅಣ್ಣ ವ್ಯವಹಾರದ ಮನುಷ್ಯ. ಮಾತನ್ನು ಅಲ್ಲಿಯೇ ಹಿಡಿದ. “ಸರಿ. ಗೆದ್ದರೆ ಅವ ನಿನ್ನಲ್ಲೇ ಇರಲಿ, ನಾನು ಇನ್ನು ಬಾಯಿ ತೆಗೆಯುವುದಿಲ್ಲ. ಸೋತರೆ ಆಟದ ಬಯಲಿನಿಂದ ನೇರ ಮಾಟುಂಗಾ. ಬರುವಾಗ ಟ್ರಂಕು ತರ್ಲಿಕ್ಕೆ ಹೇಳು.”

“ಆಯ್ತು” ಎಂದುಬಿಟ್ಟ ಸುಂದರರಾಯ.

ಸೋಮವಾರ ಪೇಟೆಯ ತಂಡ ಪುಣೆಯಿಂದ ಹೊರಗೆ ಆಡಿದ ಒಂದು ಪಂದ್ಯವನ್ನೂ ಆವರೆಗೆ ಗೆದ್ದಿರಲಿಲ್ಲ. ಇದು ಅಣ್ಣನಿಗೆ ಗೊತ್ತಿರಲಿಲ್ಲ. ಹೋಟೆಲಿನಲ್ಲಿ ಕೂತಿದ್ದ ಉಳಿದ ಎಲ್ಲರಿಗೂ ಗೊತ್ತಿತ್ತು.

ತಂಡವನ್ನು ಕಟ್ಟಿದವರು ಪ್ರಲ್ಹಾದ ಮಾಸ್ತರರು. ಧಾರವಾಡದ ಕಡೆಯವರು, ಅದೇ ಶಾಲೆಯಲ್ಲಿ ಗಣಿತ ಕಲಿಸುವವರು. ಅವರ ಹುಡುಗರಲ್ಲಿ ಎತ್ತರದವನೆಂದರೆ ಐದಡಿ ಎಂಟಂಗುಲ. ಈ ಆಟದಲ್ಲಿ ಅದು ಕುಳ್ಳು. ಆಗಿನ ನಿಯಮ ಕುಳ್ಳರಿಗೆ ಇನ್ನೂ ಕಷ್ಟದ್ದು. ಚೆಂಡು ಬುಟ್ಟಿಗೆ ಬಿದ್ದಾಗಲೆಲ್ಲ ಆಟ ನಿಲ್ಲುತ್ತಿತ್ತು. ಎರಡೂ ತಂಡ ಬಯಲಿನ ನಡುವಿನ ವೃತ್ತಕ್ಕೆ ಹೋಗಬೇಕು, ರೆಫರಿ ಚೆಂಡನ್ನು ಮೇಲಕ್ಕೆ ಎಸೆಯಬೇಕು, ಇಬ್ಬರು ಹಾರಬೇಕು. ಉದ್ದವಿದ್ದವನಿಗೆ ಚೆಂಡು. ಮತ್ತೆ ಬುಟ್ಟಿ, ಮತ್ತೆ ವೃತ್ತ, ಮತ್ತೆ ಉದ್ದವಿದ್ದವನಿಗೇ ಚೆಂಡು. ಅಮೆರಿಕದಲ್ಲಿ ಈ ಪದ್ಧತಿಯನ್ನು ಆಗಲೇ ತೆಗೆದುಹಾಕಿದ್ದರು. ಬುಟ್ಟಿ ಬಿದ್ದ ಕೂಡಲೇ, ಅಂಕ ಬಿಟ್ಟುಕೊಟ್ಟ ತಂಡ ಬುಟ್ಟಿಯ ಹಿಂದಿನ ಗೆರೆಯಾಚೆಯಿಂದ ಚೆಂಡನ್ನು ಒಳಗೆಸೆದು ಆಟ ಮುಂದುವರಿಸುವುದು ಹೊಸ ನಿಯಮ. ಜನವರಿಯ ಪಂದ್ಯ ಈ ಹೊಸ ನಿಯಮದಲ್ಲೇ ನಡೆಯುವುದೆಂದು ಮುಂಬಯಿಯಿಂದ ತಿಳಿಸಿದ ದಿನ ಮಾಸ್ತರರು ಹೋಟೆಲಿಗೆ ಓಡಿ ಬಂದಿದ್ದರು.

“ಸುಂದರರಾಯರ, ಇನ್ನ ನಮ್ಮ ಹುಡುಗರಿಗೆ ಎತ್ತರ ಬ್ಯಾಡ್ರಿ, ಕಾಲು ಸಾಕು!”

“ಹಾಗಾದ್ರೆ ಗೆಲ್ತೇವಾ ಮಾಸ್ತರ್ರೆ?”

ಮಾಸ್ತರರು ಗಣಿತದವರು, ಸುಳ್ಳು ಹೇಳಲಿಲ್ಲ. “ಭಾಳ ಸೋಲೂದಿಲ್ಲ ಅಂತ ಹೇಳಬಹುದು.”

ಅಂದಿನಿಂದ ಎರಡು ತಿಂಗಳು ಸುಂದರರಾಯ ಸಂಜೆಯ ಕಾಫಿಯನ್ನು ತಾನೇ ಹಂಚಿದ. ಬಿಡುವು ಸಿಕ್ಕಿದಾಗಲೆಲ್ಲ ಮೋಟುಗೋಡೆಗೆ ಒರಗಿ ನಿಂತ. ಬುಟ್ಟಿ ಬಿದ್ದ ಕ್ಷಣವೇ ಕುಶಲ ಚೆಂಡನ್ನು ಹೆಕ್ಕಿ, ಗೆರೆ ದಾಟಿ, ತಲೆಯೆತ್ತುವ ಮೊದಲೇ ಎಸೆದಿರುತ್ತಿದ್ದ. ಅದು ಹೋಟೆಲಿನಲ್ಲಿ ಕಲಿತದ್ದೆಂದು ಸುಂದರರಾಯನಿಗೆ ಗೊತ್ತಿತ್ತು. ಒಂದು ಮೇಜಿನಲ್ಲಿ ತಟ್ಟೆ ಇಳಿಸುವಾಗಲೇ ಎರಡನೆಯ ಮೇಜಿನ ಎಂಜಲು ಲೋಟ ಕೈಗೆ ಬಂದಿರಬೇಕು, ಮೂರನೆಯ ಮೇಜಿನವನು ಕೇಳಿದ್ದನ್ನು ಅಡುಗೆಮನೆಗೆ ಕೂಗಿ ಹೇಳಿಯಾಗಿರಬೇಕು. ನಿಂತು ಉಸಿರು ಬಿಡುವ ಮಾಣಿಯನ್ನು ಯಾವ ಹೋಟೆಲೂ ಇಟ್ಟುಕೊಳ್ಳುವುದಿಲ್ಲ.

ಜನವರಿಯ ಆ ಶನಿವಾರ ಬೆಳಿಗ್ಗೆ ಕುಶಲ ತಗಡಿನ ಟ್ರಂಕು ಹೊತ್ತು ತಂಡದೊಂದಿಗೆ ಹೊರಟ. ಲೀಲಾಕ್ಷಿ ಅದರೊಳಗೆ ಅವನ ಎಲ್ಲ ಬಟ್ಟೆ ಮಡಿಸಿಟ್ಟಿದ್ದಳು. ಒಂದು ದಿನಕ್ಕೆ ಹೋಗುವವನಿಗೆ ಹೊದೆಯುವ ಕಂಬಳಿ ಯಾಕೆಂದು ಕುಶಲ ಕೇಳಲಿಲ್ಲ.

ಅಂದು ಸಂಜೆ ಸುಂದರರಾಯನ ಕೈಯಿಂದ ಒಂದು ಲೋಟ ಜಾರಿ ಒಡೆಯಿತು. ರೈಲ್ವೆ ಪಾರ್ಸೆಲ್ ಕಚೇರಿಯ ಗುಮಾಸ್ತ ಅವಧೂತ, ಬೆಳಗಾವಿಯವನು, ದಿನವೂ ಮೂಲೆಯ ಮೇಜಿನಲ್ಲಿ ಉಪ್ಪಿಟ್ಟು ತಿನ್ನುವವನು, ಕಾಲೆತ್ತಿ ಕೂತ.

“ಏನ್ರಿ, ಈಗ ಅಲ್ಲೆ ಆಟ ಸುರು ಆಗಿರಬೇಕಲ್ಲ? ಅದಕ್ಕ ಇಲ್ಲೆ ಲೋಟ ಬೀಳಾಕತ್ತಾವ.”

“ಉಪ್ಪಿಟ್ಟು ತಿನ್ನಿ ಮಾರಾಯ್ರೆ.”

“ತಿಂತೀನ್ರಿ. ಆದ್ರ ಒಂದ್ ಮಾತ್ ಹೇಳ್ರಿ. ಕುದುರಿ ಮ್ಯಾಲೆ ರೊಕ್ಕಾ ಹಚ್ಚೂ ಮಂದಿ ನೋಡೇನಿ. ಸ್ವಂತ ತಮ್ಮನ್ನ ಪಣಕ್ಕ ಹಚ್ಚಿದಾವ್ರು ಇಡೀ ಪುಣ್ಯಾದಾಗ ನೀವೊಬ್ರ.”

ಮಿಕ್ಕವರು ನಕ್ಕರು. ಸುಂದರರಾಯ ಒಡೆದ ಚೂರು ಹೆಕ್ಕುತ್ತಲೇ ಇದ್ದ. ಅವಧೂತನ ಮಾತಿನಲ್ಲಿ ತಪ್ಪು ಹುಡುಕಲು ಅವನಿಗೆ ಆಗಲಿಲ್ಲ. ತಾನು ಆಟ ಮೆಚ್ಚಿದವನು, ಸರಿ. ಆ ಮೆಚ್ಚುಗೆಯ ಸೊಕ್ಕಿಗೆ ಹುಡುಗನನ್ನು ಇಟ್ಟದ್ದು ಯಾವ ನ್ಯಾಯ?

ಒಳಗೆ ಹೋದಾಗ ಲೀಲಾಕ್ಷಿ ಒರಳಿನ ಮುಂದೆ ಕೂತಿದ್ದಳು. “ನಾಳೆ ಭಾನುವಾರ. ಬಡಿಸಲಿಕ್ಕೆ ನೀವೊಬ್ಬರೇ ಆದರೆ ಹಿಟ್ಟು ಅರ್ಧ ಸಾಕು. ಅವನೂ ಇದ್ದರೆ ಪೂರ್ತಿ ಬೇಕು. ಎಷ್ಟು ಅರೆಯುವುದು, ಹೇಳಿ.”

ಅವಳು ಗಂಡನ ಮುಖ ನೋಡಿದಳು, ನೆನೆಸಿದ ಅಕ್ಕಿಯ ಇನ್ನೊಂದು ಪಾತ್ರೆಯನ್ನೂ ಹತ್ತಿರಕ್ಕೆ ಎಳೆದುಕೊಂಡಳು.

“ಸೋತರೆ ಈ ಹಿಟ್ಟನ್ನು ನಿಮ್ಮ ತಲೆಗೆ ಹೊಯ್ಯುತ್ತೇನೆ” ಎಂದಳು. “ನಿಂತು ನೋಡುವುದೆಂಥದು? ಬೇಳೆ ಕೊಡಿ.”

ಭಾನುವಾರ ಬೆಳಗಿನ ಮುಂಬಯಿ ಗಾಡಿ ಬರುವ ಎಷ್ಟೋ ಮೊದಲು ಸುಂದರರಾಯ ಪ್ಲಾಟ್‌ಫಾರ್ಮಿನಲ್ಲಿದ್ದ. ಹೆಗಲಿಗೆ ಶಾಲು, ಕಾಲಿಗೆ ಒಂದು ಅವನದ್ದು ಒಂದು ಕುಶಲನದ್ದು ಚಪ್ಪಲಿ. ಅದು ಅವನ ಗಮನಕ್ಕೆ ಬಂದಿರಲಿಲ್ಲ. ಗಾಡಿ ನಿಂತಿತು. ಮೂರನೆಯ ದರ್ಜೆಯ ಡಬ್ಬಿಗಳಿಂದ ಗಂಟುಮೂಟೆ ಇಳಿದವು. ಜನರ ತಲೆಗಳ ಮೇಲೆ ಅವನಿಗೆ ಮೊದಲು ಕಂಡದ್ದು ಟ್ರಂಕು. ತಗಡಿನ ಟ್ರಂಕು, ಮುಚ್ಚಳದ ಒಂದು ಮೂಲೆ ತಗ್ಗಾದದ್ದು. ಬೇರೆ ಯಾರದೂ ಆಗಿರಲಾರದು. ಟ್ರಂಕು ಮರಳಿದ್ದರೆ ಹುಡುಗನೂ ಮರಳಿರಲೇಬೇಕು.

ಟ್ರಂಕು ಹತ್ತಿರ ಬಂತು. ಅದರ ಕೆಳಗಿದ್ದವರು ಪ್ರಲ್ಹಾದ ಮಾಸ್ತರರು. ಹಿಂದೆ ಉಳಿದ ಹುಡುಗರು. ಕುಶಲ ಇರಲಿಲ್ಲ.

“ಗೆದ್ವಿರೀ!” ಕೂಗಿ ಕೂಗಿ ಮಾಸ್ತರರ ದನಿ ಹೋಗಿತ್ತು, ಮಾತು ಗಾಳಿಯಾಗಿ ಬಂತು. “ಇಪ್ಪತ್ತೇಳಕ್ಕ ಇಪ್ಪತ್ನಾಕು!”

“ಕುಶಲ ಎಲ್ಲಿ?”

“ಇಪ್ಪತ್ತೇಳು ರೀ! ಮುಂಬಯಿಯೊಳಗ!”

“ಮಾಸ್ತರ್ರೆ, ಕುಶಲ ಎಲ್ಲಿ? ಅಣ್ಣ ಇಟ್ಟುಕೊಂಡರಾ?”

ಮಾಸ್ತರರು ಹಿಂದಕ್ಕೆ ತಿರುಗಿದರು. ಡಬ್ಬಿಯ ಬಾಗಿಲಲ್ಲಿ ಕುಶಲ ಒಂದು ಕಾಲೆತ್ತಿಕೊಂಡು ನಿಂತಿದ್ದ. ಪಾದಕ್ಕೆ ದಪ್ಪ ಪಟ್ಟಿ. ಕೆಳಗೆ, ಎರಡೂ ಕೈ ಚಾಚಿ ಅವನನ್ನು ಇಳಿಸಿಕೊಳ್ಳುತ್ತಿದ್ದವನು ಹಿರಿಯಣ್ಣ.

“ಮೆಲ್ಲ, ಮೆಲ್ಲ ಹೇಳಿದ್ದಲ್ವಾ! ಆ ಕಾಲು ಊರಬೇಡ!” ಎಂದು ಗದರುತ್ತಿದ್ದ ಅಣ್ಣ, ತಮ್ಮನನ್ನು ಕಂಡ. “ನೋಡ್ತಾ ನಿಂತದ್ದೆಂಥದು ಸುಂದರ? ಆ ಕಡೆಯಿಂದ ಹಿಡಿ.”

ಸುಂದರರಾಯ ಹಿಡಿದ. ಕುಶಲನ ತೋಳು ಕುತ್ತಿಗೆಗೆ ಬಿದ್ದ ಮೇಲೆಯೇ ಅವನಿಗೆ ಗೆಲುವು ಅರ್ಥವಾದದ್ದು. ಆಮೇಲೆ ಅವನು ಮಾಡಿದ್ದನ್ನು ಅವಧೂತ ಬಹಳ ದಿನ ಹೇಳಿಕೊಂಡು ತಿರುಗಿದ. ಅವನು ಪಾರ್ಸೆಲ್ ಕಚೇರಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಗಲ್ಲಾದಲ್ಲಿ ಕೂತರೆ ಕೆಮ್ಮುವುದನ್ನೂ ಅಳೆದು ಕೆಮ್ಮುವ ಸುಂದರರಾಯ ಶಾಲನ್ನು ಮೇಲಕ್ಕೆಸೆದ, ಹಿಡಿದ, ಮತ್ತೆ ಎಸೆದ. “ಇಪ್ಪತ್ತೇಳು! ಇಪ್ಪತ್ತೇಳು!” ಎಂದು ಕೂಗಿದ. ಹಮಾಲನೊಬ್ಬ “ಕಾಯ್ ಝಾಲಂ?” ಎನ್ನುತ್ತ ಏನಾಯಿತೆಂದು ಕೇಳಿದ್ದಕ್ಕೆ ಅವನನ್ನೂ ತಬ್ಬಿಕೊಂಡು “ಜಿಂಕಲೋ! ಮುಂಬಯೀತ ಜಿಂಕಲೋ!” ಎಂದ. ಹಮಾಲನಿಗೆ ಏನು ಗೆದ್ದದ್ದೆಂದು ತಿಳಿಯದಿದ್ದರೂ ಅವನೂ ಒಂದು ಕೂಗು ಹಾಕಿದ.

ಎರಡು ಟಾಂಗಾಗಳಲ್ಲಿ ಎಲ್ಲರೂ ತುರುಕಿಕೊಂಡರು. ದಾರಿಯಲ್ಲಿ ಆಟ ಹೇಗಾಯಿತೆಂದು ಸುಂದರರಾಯ ಕೇಳಿದ್ದು ಕುಶಲನನ್ನು. ಉತ್ತರ ಕೊಟ್ಟದ್ದು ಅಣ್ಣ.

“ಅವರು ಒಬ್ಬೊಬ್ಬ ತೆಂಗಿನಮರ ಮಾರಾಯ. ಮೊದಮೊದಲು ಅವರದ್ದೇ. ನಾನು ಇವನ ಟ್ರಂಕಿನ ಹತ್ತಿರ ಕೂತು, ರಾತ್ರಿ ಇವನನ್ನು ಎಲ್ಲಿ ಮಲಗಿಸುವುದು ಅಂತ ಲೆಕ್ಕ ಹಾಕ್ತಾ ಇದ್ದೆ. ಆಮೇಲೆ ನೋಡಿದೆ. ಬುಟ್ಟಿ ಬಿದ್ದ ಕೂಡಲೇ ಆ ಉದ್ದದವರು ಮದುಮಗ ಮಂಟಪಕ್ಕೆ ಹೋದ ಹಾಗೆ ನಡುವಿಗೆ ನಡ್ಕೊಂಡು ಹೋಗ್ತಾರೆ!”

“ಹಳೇ ಚಟಾರೀ” ಎಂದರು ಮಾಸ್ತರರು. “ನಿಯಮ ಅವರಿಗೂ ಗೊತ್ತದ. ಕಾಲಿಗೆ ಗೊತ್ತಿಲ್ಲ.”

“ಅವರು ನಡುವಿಗೆ ತಲುಪುವಷ್ಟರಲ್ಲಿ ಇವ ಚೆಂಡು ಹೆಕ್ಕಿ ಎಸೆದಾಯ್ತು, ಆಚೆ ತುದಿಯಲ್ಲಿ ನಮ್ಮವ ಬುಟ್ಟಿಗೆ ಹಾಕಿಯಾಯ್ತು. ನಮ್ಮದು ಬಿದ್ದಾಗಲೂ ಅದೇ ಕತೆ. ಚೆಂಡು ಅವರದ್ದು, ಹೆಕ್ಕಲಿಕ್ಕೆ ಅಲ್ಲಿ ಅವರ ಜನವೇ ಇಲ್ಲ! ತಡ ಆಯ್ತು ಅಂತ ರೆಫರಿ ಸೀಟಿ ಊದಿ ಚೆಂಡು ನಮಗೇ ಕೊಟ್ಟ. ಎರಡು ಸಲ!”

“ಮೂರ್ ಸಲಾರೀ.”

“ಮೂರು ಸಲ! ಕಡೆಗೆ ಒಬ್ಬ ಮರ ಬಂದು ಇವನ ಮೇಲೆಯೇ ಬಿತ್ತು. ಬಿದ್ದಲ್ಲಿಂದಲೇ ಚೆಂಡು ಕೊಟ್ಟ, ನೋಡು. ಬಿದ್ದಲ್ಲಿಂದಲೇ!” ಅಣ್ಣ ಟಾಂಗಾದಲ್ಲಿ ಅರ್ಧ ಎದ್ದು ತೋರಿಸಿದ. ಸುಂದರರಾಯ ಕುಶಲನ ಕಡೆ ನೋಡಿದ. ಅವನು ಮುಖ ಆಚೆ ತಿರುಗಿಸಿ, ನಗುವನ್ನು ತುಟಿಯೊಳಗೆ ಹಿಡಿದುಕೊಂಡು ಕೂತಿದ್ದ.

ಹೋಟೆಲಿನ ಬಾಗಿಲಲ್ಲಿ ಲೀಲಾಕ್ಷಿ ನಿಂತಿದ್ದಳು. ಟ್ರಂಕು ಇಳಿಯುವುದನ್ನು, ಕುಶಲ ಇಳಿಯುವುದನ್ನು ನೋಡಿದಳು. ಸೋಲು ಗೆಲುವಿನ ಮಾತು ಕೇಳದೆ ಕಾಲಿಗೆ ಏನಾಯಿತೆಂದು ಬೈದಳು. ಬೈಯುತ್ತಲೇ ಒಳಗೆ ಹೋಗಿ ಕಾವಲಿ ಇಟ್ಟಳು.

ಅಂದು ಆ ಎಂಟು ಮೇಜು ಸಾಲಲಿಲ್ಲ. ಹುಡುಗರ ತಂದೆತಾಯಿ, ಶಾಲೆಯ ಮಾಸ್ತರರು, ಸುದ್ದಿ ಕೇಳಿ ಬಂದ ಪೇಟೆಯವರು ಮೆಟ್ಟಿಲ ಮೇಲೂ ಕೂತರು. ಕುಶಲ ಎರಡು ಕುರ್ಚಿ ಹಿಡಿದು ಒಂದರ ಮೇಲೆ ಕಾಲಿಟ್ಟುಕೊಂಡಿದ್ದ. ಬಡಿಸಿದವನು ಹಿರಿಯಣ್ಣ, ಮೂವತ್ತು ವರ್ಷದ ಹಿಂದಿನ ಮಾಣಿಯ ಕೈ ಅದು, ಎರಡು ಸುತ್ತಿನಲ್ಲಿ ಚುರುಕಾಯಿತು.

“ನಿನ್ನೆ ನಾನು ಏನೋ ಅಂದೆ ಅನಸ್ತದ” ಎಂದ ಅವಧೂತ, ಮೂಲೆಯ ಮೇಜಿನಿಂದ.

“ಅಂದದ್ದು ಸರಿಯೇ ಇತ್ತು” ಎಂದ ಸುಂದರರಾಯ. “ಇನ್ನೊಮ್ಮೆ ಹಾಗೆ ಪಂಥ ಕಟ್ಟುವುದಿಲ್ಲ.”

ಜನ ಕರಗಿದ ಮೇಲೆ ಅಣ್ಣ ಕೈತೊಳೆದು ಬಂದು ಕುಶಲನ ಹತ್ತಿರ ಕೂತ. ಸುಂದರರಾಯ ಗಲ್ಲಾ ಬಿಟ್ಟು ಹತ್ತಿರ ಬಂದ. ಮಾತು ಕೊಟ್ಟದ್ದು ಹೌದು. ಆದರೂ ಅಣ್ಣನ ಬಾಯಿಂದ ಕೇಳುವವರೆಗೆ ಅವನಿಗೆ ಸಮಾಧಾನವಿರಲಿಲ್ಲ.

“ಮಾಟುಂಗಾಕ್ಕೆ ನಾನು ಬೇರೆ ಯಾರನ್ನಾದರೂ ಹುಡುಕ್ತೇನೆ” ಎಂದ ಅಣ್ಣ. “ನೀನು ಇಲ್ಲಿರು. ಐದು ಗಂಟೆಗೆ ಗೋಡೆ ಹಾರುವುದು ಬೇಡ, ಬಾಗಿಲಿಂದ ಹೋಗು. ಕಾಲು ಪೂರ್ತಿ ವಾಸಿಯಾಗಲಿ ಮೊದಲು. ಮುಂದಿನ ಆಟ ಎಲ್ಲಿ?”

“ಸೊಲ್ಲಾಪುರದಲ್ಲಿ. ಮಾರ್ಚಿಗೆ.”

“ಅದಕ್ಕೆ ನಾನೇ ಹೋಗುವವ” ಎಂದ ಸುಂದರರಾಯ ಥಟ್ಟನೆ. “ಇಷ್ಟು ದಿನ ಗೋಡೆ ಮೇಲಿಂದ ನೋಡಿದ್ದು ನಾನು, ಗೆದ್ದದ್ದನ್ನು ನೋಡಿದ್ದು ನೀವು. ಅಣ್ಣಯ್ಯ, ಎರಡು ದಿನ ನೀವು ಬಂದು ಗಲ್ಲಾದಲ್ಲಿ ಕೂತುಕೊಳ್ಳಿ.”

“ಅದಾಗ್ಲಿಕ್ಕಿಲ್ಲ. ನಾನೂ ಸೊಲ್ಲಾಪುರಕ್ಕೆ ಬರುವವನೇ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಡುಗೆಮನೆಯಿಂದ ಸೆರಗಿಗೆ ಕೈಯೊರಸುತ್ತ ಬಂದ ಲೀಲಾಕ್ಷಿ ಗಲ್ಲಾದ ಹಿಂದಿನ ಕುರ್ಚಿಯನ್ನು ಎಳೆದು ಕೂತಳು. ಅದು ಅವಳಿಗೆ ಸ್ವಲ್ಪ ಎತ್ತರವಾಗಿತ್ತು.

“ಇಬ್ಬರೂ ಹೋಗಿ ಬನ್ನಿ” ಎಂದಳು. “ಈ ಕುರ್ಚಿಗೆ ಒಂದು ದಿಂಬು ಹಾಕಿಸಿಕೊಟ್ಟು ಹೋದರೆ ಸಾಕು.”