ಮೂಗಿನ ಒಪ್ಪಿಗೆ

ಶಾರದಜ್ಜಿಯ ಕತೆಗಳಲ್ಲಿ ಅರ್ಧ ಲೋಕ ಮೂಗಿನ ಮೇಲೆಯೇ ನಡೆಯುತ್ತಿತ್ತು. ರಾಜನಿಗೆ ಸಿಟ್ಟು ಮೂಗಿನ ತುದಿಯಲ್ಲಿ. ರಾಣಿ ಯಾರು ಏನು ತಂದರೂ ಮೂಗು ಮುರಿಯುವವಳು. ಮಂತ್ರಿಯ ಹೆಂಡತಿಗೆ ಊರವರ ಸಂಸಾರದಲ್ಲೆಲ್ಲ ಮೂಗು ತೂರಿಸುವ ಚಟ. ಕೊನೆಗೆ ಬಡವಿಯೊಬ್ಬಳು ಏನೋ ಮಾಡಿ ತೋರಿಸಿದಾಗ ಊರಿಗೆ ಊರೇ ಮೂಗಿನ ಮೇಲೆ ಬೆರಳಿಡುತ್ತಿತ್ತು. ಆದರೆ ವಾಸನೆಯೇ ತಿಳಿಯದ ಮೂಗಿನ ಕತೆಯನ್ನು ಅಜ್ಜಿ ಹೇಳಿರಲಿಲ್ಲ. ಅದು ಮೊಮ್ಮಗಳು ಅರ್ಚಿತಾಳ ಪಾಲಿಗೆ ಬಂತು, ವಡೋದರಾದಲ್ಲಿ, ಮದುವೆಯಾದ ಮೊದಲ ಚಳಿಗಾಲದಲ್ಲಿ.

ಅಲ್ಲಿನ ಅಲ್ಕಾಪುರಿ ಬಡಾವಣೆಯಲ್ಲಿ ಗಂಡನ ಮನೆಯವರದು ಉಡುಪಿ ಹೋಟೆಲು. ಬೆಳಿಗ್ಗೆ ಮಾಡಿದ ಮೊದಲ ಅಡುಗೆ ಒಳಗಿನ ಕೃಷ್ಣನ ಪಟಕ್ಕೆ. ನೈವೇದ್ಯವಾಗುವ ಮೊದಲು ಯಾರೂ ನಾಲಿಗೆಗೆ ಹಚ್ಚುವಂತಿಲ್ಲ. ಹದ ನೋಡುವುದು ಮೂಗಿನಿಂದಲೇ. ಅತ್ತೆ ಕಮಲಾ ಆ ಕೆಲಸವನ್ನು ಸೊಸೆಗೆ ಒಪ್ಪಿಸಿದ್ದರು. ಕುಂದಾಪುರದ ಹುಡುಗಿಯ ಮೂಗು ಅಷ್ಟು ಚುರುಕಾಗಿತ್ತು.

ಜ್ವರವೊಂದು ಬಂದು ಹೋಯಿತು. ಹೋಗುವಾಗ ವಾಸನೆಯನ್ನೂ ಕೊಂಡೊಯ್ದಿತು. ಅರ್ಚಿತಾ ಯಾರಿಗೂ ಹೇಳಲಿಲ್ಲ. ಹೇಳಿದರೆ ಒಳಗಿನ ಕೆಲಸ ತಪ್ಪಿ, ಹೊರಗೆ ಗಿರಾಕಿಗಳ ನಡುವೆ ನಿಲ್ಲಬೇಕು. ಅಲ್ಲಿ ಬರೀ ಗುಜರಾತಿ, ಹಿಂದಿ. ಇಲ್ಲೇ ಹುಟ್ಟಿ ಬೆಳೆದ ಗಂಡ ನಿತಿನ್‌ನ ಕನ್ನಡ 'ಊಟ ಆಯ್ತಾ' ದಾಟಿ ಮುಂದೆ ಹೋಗದು. ಅವಳ ಭಾಷೆ ಉಸಿರಾಡುತ್ತಿದ್ದದ್ದು ಈ ಅಡುಗೆಮನೆಯಲ್ಲಿ ಮಾತ್ರ: ಅತ್ತೆಯ ಗದರಿಕೆಯಲ್ಲಿ, ದಾವಣಗೆರೆಯ ಅಡುಗೆಯವ ಹಾಲೇಶನ ತಮಾಷೆಯಲ್ಲಿ.

"ಅಕ್ಕಾರೆ, ನಿಮ್ಮ ಮೂಗಿನ ಒಪ್ಪಿಗೆ ಸಿಗದೆ ದೇವರಿಗೂ ಊಟ ಇಲ್ಲ ನೋಡ್ರಿ," ಎಂದು ಹಾಲೇಶ ದಿನಾ ಮುಚ್ಚಳ ತೆಗೆಯುತ್ತಿದ್ದ. ಅವಳು ಬಗ್ಗುತ್ತಿದ್ದಳು. ಬಿಸಿ ಮುಖಕ್ಕೆ ಹೊಡೆಯುತ್ತಿತ್ತು, ಅಷ್ಟೇ. ಹಾಲೇಶನ ಕೈ ತಪ್ಪುವುದು ಕಡಿಮೆಯೆಂಬ ಧೈರ್ಯದಲ್ಲಿ "ಲಾಯ್ಕ್ ಉಂಟು" ಎನ್ನುತ್ತಿದ್ದಳು. ಮಧ್ಯಾಹ್ನ ಕೋಣೆಗೆ ಹೋಗಿ, ಊರಿಂದ ತಂದ ಅಜ್ಜಿಯ ಹಳೆಯ ಸೀರೆಗೆ ಮುಖ ಒತ್ತುತ್ತಿದ್ದಳು. ಅಜ್ಜಿ ಅದರಲ್ಲಿ ಇರಲಿಲ್ಲ. ಬರೀ ಬಟ್ಟೆ.

ಒಂದು ಶುಕ್ರವಾರ ಕಡಲೆಬೇಳೆ ಪಾಯಸ. ತರಕಾರಿ ಇಳಿಸಿಕೊಳ್ಳಲು ಹಾಲೇಶ ಹಿಂಬಾಗಿಲಿಗೆ ಹೋಗಿದ್ದ. ಅರ್ಚಿತಾ ಸೌಟು ಹಿಡಿದು, ಮೂಗು ಮುರಿಯುವ ಆ ರಾಣಿಯನ್ನು ನೆನೆಯುತ್ತ ನಿಂತಿದ್ದಳು. ಅತ್ತೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಓಡಿ ಬಂದರು.

"ಎಂಥದು ಮಾಡ್ತಾ ಇದ್ದಿ ಮಾರಾಯ್ತಿ? ತಳ ಹಿಡಿದು ಬೀದಿಗೆಲ್ಲ ನಾರ್ತಾ ಉಂಟು! ಮೂಗು ಎಲ್ಲಿಟ್ಟು ಬಂದಿದ್ದಿ?"

"ಗೊತ್ತಿಲ್ಲ ಅತ್ತೆ. ಜ್ವರ ಬಂದಲ್ಲಿಂದ ಇಲ್ಲ."

ಕಮಲಾರ ಸಿಟ್ಟೂ ಮೂಗಿನ ತುದಿಯಲ್ಲೇ ಇರುವಂಥದ್ದು. ಇಂದು ಅದು ಸಿಡಿಯಲೂ ಇಲ್ಲ, ಇಳಿಯಲೂ ಇಲ್ಲ. ಪಾತ್ರೆ ಎತ್ತಿ ನೀರು ಸುರಿದರು.

"ನಾಳೆಯಿಂದ ಹದ ನಾನೇ ನೋಡ್ತೇನೆ."

ಮರುದಿನ ಅರ್ಚಿತಾ ಇಸ್ತ್ರಿಯ ಸೀರೆ ಉಟ್ಟು, ಹೊರಗೆ ನಿಲ್ಲುವುದಕ್ಕೆಂದು ತಯಾರಾಗಿ ಬಂದಳು. 'ಆವೋ, ಬೇಸೋ', ಬನ್ನಿ ಕೂತುಕೊಳ್ಳಿ, ಎಂದು ಗುಜರಾತಿಯಲ್ಲಿ ಗಿರಾಕಿಗಳನ್ನು ಕರೆಯುವುದನ್ನು ಮನಸ್ಸಿನಲ್ಲೇ ಉರು ಹೊಡೆಯುತ್ತಿದ್ದಳು. ಸಾಂಬಾರಿನ ಮೇಲೆ ಬಗ್ಗಿದ್ದ ಅತ್ತೆ ತಿರುಗಿಯೂ ನೋಡದೆ ಕೇಳಿದರು:

"ಎಲ್ಲಿಗೆ ಸವಾರಿ? ಬಾ ಇಲ್ಲಿ."

"ನನಗೆ ತಿಳಿಯುದಿಲ್ಲ ಅತ್ತೆ."

"ತಿಳಿಯದಿದ್ರೆ ಕೇಳು. ಕಿವಿ ಉಂಟಲ್ಲ?" ಅವರು ಉಸಿರೆಳೆದರು. "ಇಂಗು ಮುಂದೆ ಬಂದು ನಿಂತಿದೆ. ಕೊತ್ತಂಬರಿ ಹದವಾಗಿ ಹುರಿದಿದೆ. ಬೆಲ್ಲ ಈ ಊರಿನವರಿಗೆ ಬೇಕಾದಷ್ಟುಂಟು. ಕರಿಬೇವು ಮಾತ್ರ ಬಾಡಿದ್ದು. ಹಾಲೇಶನಿಗೆ ಬುದ್ಧಿಯಿಲ್ಲ."

"ಅಮ್ಮಾರೆ, ಬೆಳಿಗ್ಗೆ ಬೆಳಿಗ್ಗೇನೆ ಶುರುವಾ?" ಎಂದ ಹಾಲೇಶ.

ಅರ್ಚಿತಾ ಪಾತ್ರೆಯ ಮೇಲೆ ಬಗ್ಗಿದಳು. ಬಿಸಿ ಮುಖಕ್ಕೆ ಹೊಡೆಯಿತು, ಅಷ್ಟೇ. ಮತ್ತೇನೂ ಬರಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡಳು.

"ಇನ್ನೊಮ್ಮೆ ಹೇಳಿ ಅತ್ತೆ," ಎಂದಳು. "ಮೊದಲಿಂದ."